ದೀಪದ ಬೆನ್ನು ನೋಡಿ ಕೊಳ್ಳಿ
ಸೋದರಿಯರೇ, ಕರ್ಕಾಟಕ ಮಾಸದ ಮಳೆ ಹಿಡಿಯಿತೆಂದರೆ ಕೊಚ್ಚಿಯ ಕಾಕ್ಕನಾಡಿರಲಿ, ತಿರುವನಂತಪುರದ ಕಳಕ್ಕೂಟಂ ಇರಲಿ, ಫ್ಲ್ಯಾಟಿನ ಬಾಲ್ಕನಿಯಲ್ಲಿ ಮಧ್ಯಾಹ್ನವೇ ಮಬ್ಬು. ಕುಂಡದ ಮೆಂತ್ಯ, ಕೊತ್ತಂಬರಿ ಬೆಳಕಿಗಾಗಿ ಕತ್ತು ಚಾಚಿ ಸೊರಗುತ್ತವೆ. ಹಾಗಾಗಿ ನಮ್ಮಲ್ಲಿ ಹಲವರು ಅಗ್ಗದ ಎಲ್‌ಇಡಿ ಗ್ರೋ ಲೈಟ್ ಹುಡುಕುತ್ತಿದ್ದೀರಿ.

‘ಎಲ್‌ಇಡಿ ಬಿಸಿಯಾಗುವುದೇ ಇಲ್ಲ’ ಅನ್ನುತ್ತಾರೆ, ನಂಬಬೇಡಿ. ಅದು ಎಳೆಯುವ ವಿದ್ಯುತ್ತಿನಲ್ಲಿ ಸುಮಾರು ಅರ್ಧ, ಅಗ್ಗದ್ದರಲ್ಲಿ ಇನ್ನೂ ಹೆಚ್ಚು, ಶಾಖವೇ ಆಗುತ್ತದೆ. ಹಳೆಯ ಬಲ್ಬಿನ ಶಾಖ ಬೆಳಕಿನೊಂದಿಗೆ ಮುಂದಕ್ಕೆ ಬರುತ್ತಿತ್ತು. ಇದರದ್ದು ಚಿಪ್‌ನ ಹಿಂದೆ ಕೂಡಿಕೊಳ್ಳುತ್ತದೆ. ಅದನ್ನು ಹೊರಗೆ ಸಾಗಿಸಲು ಬೆನ್ನಿಗೆ ಅಲ್ಯೂಮಿನಿಯಂ ರೆಕ್ಕೆಗಳು ಬೇಕು. ಕೋಣೆಯೇ 30 ಡಿಗ್ರಿ ಇರುವ ನಮ್ಮೂರುಗಳಲ್ಲಿ ಬರೀ ಪ್ಲಾಸ್ಟಿಕ್ ಬೆನ್ನಿನ ದೀಪ ಬೇಗ ಮಂಕಾಗುತ್ತದೆ. ಮಂಕಾದರೂ ಕರೆಂಟು ಮಾತ್ರ ಕುಡಿಯುತ್ತಲೇ ಇರುತ್ತದೆ! ಕಪಾಟಿನೊಳಗೆ ಮುಚ್ಚಿಡಬೇಡಿ. ಪುಟ್ಟ ಫ್ಯಾನಿನ ಗಾಳಿ ಸೋಕಲಿ. ಮಳೆಗಾಲದಲ್ಲಿ ಗಿಡಕ್ಕೆ ಬೂಷ್ಟು ಹಿಡಿಯುವುದೂ ಕಡಿಮೆಯಾಗುತ್ತದೆ.

ಪೆಟ್ಟಿಗೆಯ ಮೇಲಿನ ‘1000 ವ್ಯಾಟ್’ ಬಿಡಿ, ನಿಜಕ್ಕೂ ಎಷ್ಟು ವ್ಯಾಟ್ ಎಳೆಯುತ್ತದೆ ಎಂದು ಕೇಳಿ. 20 ವ್ಯಾಟಿನದು ದಿನಕ್ಕೆ 12 ಗಂಟೆ ಉರಿದರೆ ತಿಂಗಳಿಗೆ 7.2 ಯೂನಿಟ್. ಎರಡು ಕಟ್ಟು ಸೊಪ್ಪಿಗೆ ಇದು ದುಬಾರಿಯೇ? ಸಂತೆಯ ಲೆಕ್ಕದಲ್ಲಿ ಹೌದು. ಆದರೆ ಮಳೆಯ ಎರಡು ತಿಂಗಳು ಗಿಡ ಉಳಿದರೆ ನನ್ನ ಪ್ರಕಾರ ದುಡ್ಡಿಗೆ ಮೋಸವಿಲ್ಲ. ಮೇ ತಿಂಗಳಲ್ಲಿ ಆರಿಸಿಡಿ, ಕಿಟಕಿಯ ಬೆಳಕೇ ಸಾಕು.