ಮನೆಯ ಬಂದೂಕು: ಬಿಚ್ಚುವುದು, ಒರೆಸುವುದು, ಇಡುವುದು

(ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ಪೊಲೀಸ್ ಶಸ್ತ್ರಾಗಾರದ ನಿವೃತ್ತ ಸಿಬ್ಬಂದಿಯೊಬ್ಬರು ನೀಡಿದ ಉಪನ್ಯಾಸದ ಪಾಠ. ಸದಸ್ಯರ ಮಾಹಿತಿಗಾಗಿ ಪ್ರಕಟಿಸಲಾಗಿದೆ.)



ಕುಡಿಯುವ ನೀರು, ಉದ್ಯೋಗ ಖಾತರಿ, ತೆರಿಗೆ ವಸೂಲಿ ಮುಂತಾದ ವಿಷಯಗಳ ನಡುವೆ ಬಂದೂಕು ಒರೆಸುವ ಮಾತಿಗೆ ಸಮಯ ಏಕೆ ಕೊಟ್ಟರು ಎಂದು ತಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ನನ್ನ ಸೇವಾವಧಿಯ ಒಂದು ಘಟನೆಯನ್ನು ಮೊದಲು ಹೇಳುತ್ತೇನೆ. ಊರು, ಹೆಸರು ಬೇಡ. ಖಂಡೇಪೂಜೆಯ ಹಿಂದಿನ ದಿನ ಒಬ್ಬ ರೈತರು ಪಡಸಾಲೆಯಲ್ಲಿ ಕುಳಿತು ತಂದೆಯ ಕಾಲದ ಬಂದೂಕನ್ನು ಒರೆಸುತ್ತಿದ್ದರು. ಎದುರಿಗೆ ಹತ್ತು ವರ್ಷದ ಮಗ ನಳಿಗೆಯ ತುದಿಯನ್ನು ಕೈಯಲ್ಲಿ ಹಿಡಿದು ಅಲುಗಾಡದಂತೆ ನಿಲ್ಲಿಸಿದ್ದ. ಮುಂಗಾರಿನ ಗೋವಿನಜೋಳ ಕಾಯುವಾಗ ತುಂಬಿದ್ದ ಮದ್ದು ಮೂರು ತಿಂಗಳಿನಿಂದ ಅದರೊಳಗೇ ಇತ್ತು. ಆ ಹುಡುಗ ಎರಡು ಬೆರಳು ಕಳೆದುಕೊಂಡ. ತನಿಖೆಗೆ ಹೋದಾಗ ತಂದೆ ಹೇಳಿದ ಮಾತು ಒಂದೇ: "ಖಾಲಿ ಐತಿ ಅಂತ ತಿಳದಿದ್ದೆ ಸಾಹೇಬ್ರ." ಹೊಲದಲ್ಲಿ ಬಂದೂಕು ಹಿಡಿದವನು ಎಚ್ಚರವಾಗಿರುತ್ತಾನೆ. ಮನೆಯಲ್ಲಿ ಎಣ್ಣೆ ಬಟ್ಟೆ ಹಿಡಿದು ಕುಳಿತವನು ನಿಶ್ಚಿಂತನಾಗಿರುತ್ತಾನೆ. ನಾನು ಕಂಡ ಮನೆಯೊಳಗಿನ ಅಪಘಾತಗಳಲ್ಲಿ ಹೆಚ್ಚಿನವು ಈ ನಿಶ್ಚಿಂತೆಯ ಹೊತ್ತಿನಲ್ಲಿ ಆದವು.

ನಮ್ಮ ಸೀಮೆಗೆ ಬಂದೂಕು ಹೊಸದಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಬಿದ್ದದ್ದು ಅಮಟೂರು ಬಾಳಪ್ಪನ ಗುಂಡಿಗೆ ಎಂದು ಇಲ್ಲಿಯ ಮಕ್ಕಳೂ ಹೇಳುತ್ತಾರೆ. 1857ರಲ್ಲಿ ಆಯುಧ ಒಪ್ಪಿಸಿರೆಂಬ ಕಾಯಿದೆ ಬಂದಾಗ ಹಲಗಲಿಯ ಬೇಡರು ಒಪ್ಪದೆ ದಂಗೆಯೆದ್ದರು. ಮರು ವರ್ಷ ನರಗುಂದದ ಬಾಬಾಸಾಹೇಬರ ದಂಗೆಯಲ್ಲಿ ಮ್ಯಾನ್ಸನ್ ಹತನಾದದ್ದು ರಾಮದುರ್ಗದ ಪಕ್ಕದ ಸುರೇಬಾನದಲ್ಲಿ. ಆದ್ದರಿಂದ ಇಲ್ಲಿಯ ಹಿರಿಯರು ಬಂದೂಕನ್ನು ಮನೆತನದ ಮರ್ಯಾದೆಯೆಂದು ಕಾಣುವುದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಮರ್ಯಾದೆಯ ವಸ್ತುವನ್ನು ಅಟ್ಟದ ಮೇಲೆ ಜಂಗು ಹಿಡಿಯಲು ಬಿಡುವುದನ್ನು ಮಾತ್ರ ಅರ್ಥಮಾಡಿಕೊಳ್ಳಲಾರೆ.

ಇಂದು ನಮ್ಮ ಹಳ್ಳಿಗಳಲ್ಲಿ ಪರವಾನಗಿ ಪಡೆದ ಬಂದೂಕುಗಳು ಸಾಮಾನ್ಯವಾಗಿ ಮೂರು ಬಗೆ. ಒಂದು, ಬಾಯಿಯಿಂದ ಮದ್ದು ಮತ್ತು ಚರೆ ತುಂಬಿ ಗಜದಿಂದ ಜಡಿಯುವ ಹಳೆಯ ಬಂದೂಕು. 1959ರ ಆಯುಧ ಅಧಿನಿಯಮದ 13ನೇ ಕಲಮು ಬೆಳೆ ರಕ್ಷಣೆಗೆ ಮೊದಲು ಹೆಸರಿಸುವುದು ಇದನ್ನೇ. ಇದು ಸಾಲದೆಂದು ಪರವಾನಗಿ ಪ್ರಾಧಿಕಾರಕ್ಕೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಬಂದೂಕಿಗೂ ಅನುಮತಿ ಸಿಗಬಹುದು. ಎರಡನೆಯದು, ನಡುವೆ ಮಡಿಚಿ ಹಿಂದಿನಿಂದ ತೋಟೆ ಇಡುವ ಒಂಟಿ ಅಥವಾ ಜೋಡಿ ನಳಿಗೆಯದು. ಬ್ಯಾಂಕಿನ ಕಾವಲುಗಾರರ ಕೈಯಲ್ಲಿ ತಾವು ನೋಡಿರುವಂಥದು. ಮೂರನೆಯದು ಪಂಪ್ ಆ್ಯಕ್ಷನ್. ಇದರಲ್ಲಿ ನಳಿಗೆಯ ಕೆಳಗೆ ಇನ್ನೊಂದು ಕೊಳವೆಯಿದೆ, ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಸರಿಯುವ ಹಿಡಿಯಿದೆ. ಹಿಡಿಯನ್ನು ಹಿಂದೆಳೆದರೆ ಸುಟ್ಟ ತೋಟೆ ಹೊರಬೀಳುತ್ತದೆ, ಮುಂದೆ ತಳ್ಳಿದರೆ ಕೊಳವೆಯಲ್ಲಿದ್ದ ಹೊಸ ತೋಟೆ ನಳಿಗೆಗೆ ಸೇರುತ್ತದೆ.

ಈ ಮೂರನೆಯದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಮಡಿಚುವ ಬಂದೂಕನ್ನು ಮಡಿಚಿದರೆ ನಳಿಗೆಯ ಆಚೆಗಿನ ಬೆಳಕು ಕಾಣುತ್ತದೆ. ಖಾಲಿಯೋ ತುಂಬಿದೆಯೋ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಪಂಪ್ ಬಂದೂಕಿನಲ್ಲಿ ಒಂದು ತೋಟೆಯನ್ನು ಹೊರತೆಗೆದ ತೃಪ್ತಿಯಲ್ಲಿ ಹಿಡಿಯನ್ನು ಮುಂದೆ ತಳ್ಳಿದರೆ, ಕೊಳವೆಯಲ್ಲಿ ಅಡಗಿದ್ದ ಮತ್ತೊಂದು ನಳಿಗೆಗೆ ಬಂದು ಕೂರುತ್ತದೆ. "ಈಗಷ್ಟೇ ಖಾಲಿ ಮಾಡಿದೆ" ಎಂದವನ ಕೈಯಲ್ಲಿ ತುಂಬಿದ ಬಂದೂಕು ಇರುತ್ತದೆ. ಹೀಗಾಗಿ ಕ್ರಮ ಇದು. ಬಾಯಿಯನ್ನು ಮಣ್ಣಿನ ದಿಬ್ಬದ ಕಡೆಗೆ ಅಥವಾ ಮಣ್ಣು ತುಂಬಿದ ಚೀಲಗಳ ಕಡೆಗೆ ತಿರುಗಿಸಿ, ಸುರಕ್ಷತಾ ಗುಂಡಿಯನ್ನು ತಡೆಯ ಕಡೆಗೆ ಒತ್ತಿ, ಬೆರಳನ್ನು ಟ್ರಿಗರಿನಿಂದ ದೂರವಿಡಬೇಕು. ಕೊಳವೆಯಲ್ಲಿರುವ ತೋಟೆಗಳನ್ನೆಲ್ಲ ಆ ಬಂದೂಕಿನ ಕೈಪಿಡಿಯಲ್ಲಿ ಹೇಳಿರುವಂತೆ ಹೊರತೆಗೆಯಬೇಕು. ಹಿಡಿಯನ್ನು ಪೂರ್ತಿ ಹಿಂದೆಳೆದು ಹಾಗೆಯೇ ನಿಲ್ಲಿಸಿ, ನಳಿಗೆಯ ಹಿಂಬದಿಯನ್ನೂ ಕೊಳವೆಯ ಬಾಯನ್ನೂ ಕಣ್ಣಿನಿಂದ ನೋಡಬೇಕು. ಆಮೇಲೆ ಕಿರುಬೆರಳಿನಿಂದ ಮುಟ್ಟಿ ನೋಡಬೇಕು. ಮನೆಯ ಮಂದಬೆಳಕಿನಲ್ಲಿ ಕಣ್ಣು ಮೋಸಹೋಗುತ್ತದೆ, ಬೆರಳು ಹೋಗುವುದಿಲ್ಲ. ತೆಗೆದ ತೋಟೆಗಳನ್ನು ಬೇರೆ ಕೋಣೆಯಲ್ಲಿಟ್ಟು ಬಂದ ಬಳಿಕವೇ ಎಣ್ಣೆಯ ಬಾಟಲಿಗೆ ಕೈ ಹಾಕಬೇಕು.

ದಿಬ್ಬ, ಮಣ್ಣುಚೀಲ ಎಂದೆ. ತಗಡಿನ ಬಾಗಿಲು, ತಡಿಕೆ ಗೋಡೆ ಚರೆಯನ್ನು ತಡೆಯುತ್ತವೆಂದು ಯಾರೂ ನಂಬಬಾರದು. ಒಂದೆರಡು ಮಾರಿನ ಅಂತರದಲ್ಲಿ ಚರೆ ಹರಡುವುದೇ ಇಲ್ಲ, ಒಂದೇ ಗುಂಡಿನಂತೆ ಹೋಗುತ್ತದೆ.

ಇನ್ನು ಬಿಚ್ಚುವುದು. ಸಾಮಾನ್ಯ ಪಂಪ್ ಬಂದೂಕಿನಲ್ಲಿ ಕೊಳವೆಯ ಮುಂತುದಿಯಲ್ಲಿ ತಿರುಗಿಸುವ ಮುಚ್ಚಳವಿರುತ್ತದೆ. ಹಿಡಿಯನ್ನು ಹಿಂದೆಳೆದ ಸ್ಥಿತಿಯಲ್ಲಿ ಅದನ್ನು ತಿರುಗಿಸಿ ತೆಗೆದರೆ ನಳಿಗೆ ಮುಂದಕ್ಕೆ ಜಾರಿ ಕೈಗೆ ಬರುತ್ತದೆ. ಕೆಲವು ಮಾದರಿಗಳಲ್ಲಿ ಮುಚ್ಚಳದ ಹಿಂದೆ ಸ್ಪ್ರಿಂಗಿನ ಒತ್ತಡವಿರುತ್ತದೆ, ಆದ್ದರಿಂದ ಮುಖವನ್ನು ಅದರ ನೇರಕ್ಕೆ ತರಬಾರದು. ಮನೆಯಲ್ಲಿ ಬಿಚ್ಚುವ ಕೆಲಸ ಇಲ್ಲಿಗೆ ಸಾಕು. ಟ್ರಿಗರ್ ಭಾಗದ ಪಿನ್ನುಗಳನ್ನು ಮೊಳೆ ಬಡಿದು ಹೊರತೆಗೆಯುವ ಉತ್ಸಾಹ ನಮ್ಮ ಯುವಕರಿಗೆ ಬಹಳ. ಮೊಬೈಲಿನಲ್ಲಿ ನೋಡಿ ಬಿಚ್ಚಿದ ಬಂದೂಕನ್ನು ಹಿಟ್ಟಿನ ಜರಡಿಯಲ್ಲಿ ಹಾಕಿಕೊಂಡು ಬಂದವರನ್ನು ನಾನು ಕಂಡಿದ್ದೇನೆ. ಒಂದು ಸ್ಪ್ರಿಂಗ್ ಕಡಿಮೆಯಿತ್ತು. ಒರೆಸುವುದಕ್ಕೆ ಅನುಮತಿ ಬೇಕಿಲ್ಲ, ಆದರೆ ದುರಸ್ತಿ ಬೇರೆ ಮಾತು. ಅಧಿನಿಯಮದ 5ನೇ ಕಲಮಿನಂತೆ ವೃತ್ತಿಯಾಗಿ ದುರಸ್ತಿ ಮಾಡುವವನಿಗೆ ಅದರದೇ ಪರವಾನಗಿ ಇರಬೇಕು. ಕಮ್ಮಾರರ ಕುಲುಮೆಗೆ ಬಂದೂಕನ್ನು ಒಯ್ಯುವುದು ಒಯ್ದವನಿಗೂ ಕಮ್ಮಾರನಿಗೂ ತೊಂದರೆ. ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡಿಸುವುದಂತೂ 6ನೇ ಕಲಮಿನಡಿ ಅಪರಾಧ.

ನಳಿಗೆಯನ್ನು ಹಿಂಬದಿಯಿಂದ ಬಾಯಿಯ ಕಡೆಗೆ ಒರೆಸಬೇಕು, ಆಗ ಕೊಳೆ ಯಂತ್ರದೊಳಗೆ ಬೀಳುವುದಿಲ್ಲ. 12 ಬೋರ್ ಎಂದರೆ ನಳಿಗೆಯ ಒಳಗಾತ್ರದ 12 ಸೀಸದ ಗುಂಡುಗಳು ಸೇರಿ ಒಂದು ಪೌಂಡ್ ತೂಗುವ ಅಳತೆ. ಒಳವ್ಯಾಸ ಸುಮಾರು 18.5 ಮಿಲಿಮೀಟರ್. ಅದಕ್ಕೆ ತಕ್ಕ ಕಂಚಿನ ಬ್ರಷ್ಷನ್ನು ಹತ್ತಾರು ಸಲ ಎಳೆದು, ಹಳೆಯ ಧೋತರದ ತುಂಡುಗಳನ್ನು ಒಂದಾದ ಮೇಲೊಂದು ಹಾಯಿಸಬೇಕು. ತುಂಡು ಬಿಳಿಯಾಗಿ ಹೊರಬಂದರೆ ಕೆಲಸ ಮುಗಿಯಿತು. ಗಟ್ಟಿ ಮಸಿಗೆ ಸೀಮೆಎಣ್ಣೆ ಆಗಬಹುದು, ಆದರೆ ಅದನ್ನು ಪೂರ್ತಿ ಒರೆಸಿ ತೆಗೆಯಬೇಕು. ಅದು ಆರಿದ ಮೇಲೆ ಕಬ್ಬಿಣಕ್ಕೆ ಕಾವಲಿಲ್ಲ. ಕೊನೆಯಲ್ಲಿ ಹೊಲಿಗೆ ಯಂತ್ರದ ಎಣ್ಣೆಯಂಥ ತೆಳು ಎಣ್ಣೆಯ ಒಂದು ಪದರ ಸಾಕು.

ಅಡುಗೆಮನೆಯ ಎಣ್ಣೆ ಬೇಡ. ನಮ್ಮಲ್ಲಿ ಕೈಗೆ ಸಿಗುವುದು ಕುಸುಬೆ ಎಣ್ಣೆ, ಶೇಂಗಾ ಎಣ್ಣೆ. ಕುಸುಬೆ ಎಣ್ಣೆ ಗಾಳಿಗೆ ಒಡ್ಡಿದರೆ ಒಣಗಿ ವಾರ್ನಿಶಿನಂತೆ ಗಟ್ಟಿಯಾಗುತ್ತದೆ. ರೊಟ್ಟಿಯ ಜೊತೆಗೆ ಅದಕ್ಕಿಂತ ಉತ್ತಮವಾದದ್ದಿಲ್ಲ, ಬಂದೂಕಿನ ಕೀಲಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಎರಡು ವರ್ಷ ಅದನ್ನೇ ಸವರಿದ ಬಂದೂಕಿನ ಸುರಕ್ಷತಾ ಗುಂಡಿ ಅಂಟಿಕೊಂಡು, ತಡೆಯಲ್ಲಿದೆಯೋ ಇಲ್ಲವೋ ಎಂದು ತಿಳಿಯದ ಸ್ಥಿತಿಗೆ ಬಂದಿರುತ್ತದೆ.

ಬಾಯಿಯಿಂದ ತುಂಬುವ ಬಂದೂಕಿನ ಲೆಕ್ಕ ಬೇರೆ. ಕರಿಮದ್ದಿನ ಮಸಿಯಲ್ಲಿರುವ ಲವಣಗಳು ಗಾಳಿಯ ತೇವವನ್ನು ಹೀರುತ್ತವೆ. ಕಿತ್ತೂರಿನ ಕಡೆಯ ಮಳೆಗಾಲದಲ್ಲಿ ಒಂದೇ ರಾತ್ರಿಯಲ್ಲಿ ಜಂಗು ಕಾಣಿಸಿಕೊಳ್ಳಬಹುದು. ಆ ಮಸಿ ಎಣ್ಣೆಗೆ ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಆದ್ದರಿಂದ ಕುದಿಯುವ ಬಿಸಿನೀರಿಗೆ ಸ್ವಲ್ಪ ಸಾಬೂನು ಸೇರಿಸಿ ತೊಳೆಯಬೇಕು. ನಳಿಗೆ ಬಿಸಿಯಾಗಿ ತಾನೇ ಒಣಗುತ್ತದೆ, ಆಗಲೇ ಎಣ್ಣೆ ಸವರಬೇಕು. ಆದರೆ ತೊಳೆಯುವ ಮೊದಲು ಖಾಲಿಯಿದೆಯೆಂದು ತಿಳಿಯುವುದು ಹೇಗೆ? ಇಲ್ಲಿ ಮಡಿಚಿ ನೋಡುವ ದಾರಿಯಿಲ್ಲ. ಹಳಬರ ಉಪಾಯವೇ ಸರಿಯಾದದ್ದು. ಖಾಲಿಯೆಂದು ಖಚಿತವಾಗಿರುವ ದಿನ ಗಜವನ್ನು ನಳಿಗೆಯ ತಳದವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗಜದ ಮೇಲೊಂದು ಗೆರೆ ಕೊರೆದು ಬಣ್ಣ ತುಂಬಬೇಕು. ಮುಂದೆ ಯಾವಾಗ ಇಳಿಸಿದರೂ ಗೆರೆ ಬಾಯಿಗೆ ಸರಿಯಾಗಿ ಬಂದರೆ ಒಳಗೇನೂ ಇಲ್ಲ. ಮೂರು ನಾಲ್ಕು ಬೆರಳು ಮೇಲೆ ನಿಂತರೆ ಒಳಗೆ ಮದ್ದಿದೆ. ಆಗ ಕೇಪನ್ನು ತೆಗೆದು, ಕೆದಕುವ ಗೊಡವೆಗೆ ಹೋಗದೆ ಠಾಣೆಗೆ ತಿಳಿಸಬೇಕು. ಮೊದಲು ಹೇಳಿದ ಆ ಮನೆಯಲ್ಲಿ ಗಜಕ್ಕೆ ಈ ಗೆರೆ ಇರಲಿಲ್ಲ.

ಅಟ್ಟದ ಮೇಲಿಟ್ಟ ನಳಿಗೆಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುವುದುಂಟು. ಕಬ್ಬಿನ ಗದ್ದೆಯಲ್ಲಿ ಬಂದೂಕನ್ನು ಊರುಗೋಲು ಮಾಡಿಕೊಂಡರೆ ಬಾಯಿಗೆ ಕೆಸರು ತುಂಬುತ್ತದೆ. ಎರಡರಲ್ಲೂ ಹಾರಿಸಿದರೆ ನಳಿಗೆ ಸೀಳಬಹುದು. ಇನ್ನೊಂದು ಅಪಾಯವೂ ಇದೆ. 12 ಬೋರಿನ ನಳಿಗೆಯಲ್ಲಿ ತಪ್ಪಿ 20 ಬೋರಿನ ತೋಟೆ ಹಾಕಿದರೆ ಅದು ಒಳಜಾರಿ ಕಾಣದ ಹಾಗೆ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಸರಿಯಾದ ತೋಟೆಯೂ ಹಿಡಿಸುತ್ತದೆ. ಒರೆಸುವ ದಿನ ನಳಿಗೆಯನ್ನು ಬೆಳಕಿಗೆ ಹಿಡಿದು ಇತ್ತ ಕಡೆಯಿಂದ ಅತ್ತ ಕಡೆಗೆ ನೋಡುವುದು ಇಂಥವನ್ನು ಹಿಡಿಯಲಿಕ್ಕಾಗಿ. ಬಂದೂಕಿನಿಂದ ಬೇರ್ಪಡಿಸಿದ ನಳಿಗೆಯನ್ನಷ್ಟೇ ಹೀಗೆ ನೋಡಬೇಕೆಂದು ಹೇಳಬೇಕಾಗಿಲ್ಲವೆಂದು ಭಾವಿಸುತ್ತೇನೆ, ಆದರೂ ಹೇಳಿದ್ದೇನೆ.

ಖಂಡೇಪೂಜೆಗೆ ಬಂದೂಕನ್ನೂ ಇಟ್ಟು ಪೂಜಿಸುವ ಮನೆಗಳಿವೆ. ಪೂಜೆ ಬೇಡವೆನ್ನುವ ಅಧಿಕಾರ ನನಗಿಲ್ಲ. ನೀರಿನಲ್ಲಿ ಕಲಸಿದ ಅರಿಶಿಣ, ಕುಂಕುಮ, ವಿಭೂತಿ ಕಬ್ಬಿಣದ ಮೇಲೆ ರಾತ್ರಿಯಿಡೀ ಉಳಿದರೆ ಆ ಗುರುತಿನಲ್ಲಿಯೇ ಜಂಗು ಏಳುತ್ತದೆ. ಮರದ ಹಿಂಬದಿಗೆ ಹಚ್ಚಿ, ಮರುದಿನ ಒರೆಸಿದರೆ ದೇವಿಯೂ ಕೋಪಿಸಿಕೊಳ್ಳುವುದಿಲ್ಲ, ಬಂದೂಕೂ ಕೆಡುವುದಿಲ್ಲ. ಹಬ್ಬ, ಮದುವೆ, ಗೆಲುವಿನ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವುದು ಮಾತ್ರ ಕೂಡದು. 2019ರ ತಿದ್ದುಪಡಿಯಂತೆ ಇತರರ ಜೀವಕ್ಕೆ ಅಪಾಯವಾಗುವ ಹಾಗೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯಲ್ಲವೆಂಬುದನ್ನೂ ತಮ್ಮ ವಾರ್ಡಿನಲ್ಲಿ ತಿಳಿಸಿರಿ. ಹಂದಿಯ ಹಾವಳಿಯಾದರೆ ಅರಣ್ಯ ಇಲಾಖೆಗೆ ದೂರು, ಪರಿಹಾರಕ್ಕೆ ಅರ್ಜಿ. ನವಿಲು, ಕೃಷ್ಣಮೃಗಗಳು ವನ್ಯಜೀವಿ ಅಧಿನಿಯಮದ ಮೊದಲ ಅನುಸೂಚಿಯಲ್ಲಿವೆ.

ಸದಸ್ಯರಾಗಿ ತಮ್ಮಿಂದ ಆಗಬೇಕಾದ ಮುಖ್ಯ ಕೆಲಸವೊಂದಿದೆ. ಪರವಾನಗಿದಾರರು ತೀರಿಕೊಂಡ ಮನೆಗಳಲ್ಲಿ ಬಂದೂಕು ಗೋಡೆಯ ಗೂಟಕ್ಕೆ ಹಾಗೆಯೇ ತೂಗುತ್ತಿರುತ್ತದೆ. ಅದನ್ನು ಯಾರೂ ಒರೆಸುವುದಿಲ್ಲ, ತುಂಬಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಮೊಮ್ಮಕ್ಕಳು ಅದರ ಕೆಳಗೆ ಆಡುತ್ತಾರೆ. 21ನೇ ಕಲಮಿನಂತೆ ಅಂಥ ಬಂದೂಕನ್ನು ವಿಳಂಬವಿಲ್ಲದೆ ಹತ್ತಿರದ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. ಇಟ್ಟ ಮೇಲೆ ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೋರಬಹುದು. ಠಾಣೆಯೆಂದರೆ ಕೇಸು ಹಾಕುತ್ತಾರೆಂಬ ಭಯದಿಂದ ಮುಚ್ಚಿಡುವ ವಿಧವೆಯರಿದ್ದಾರೆ. ಅವರ ಜೊತೆಗೆ ಒಬ್ಬ ಸದಸ್ಯರು ಹೋದರೆ ಆ ಭಯ ಅರ್ಧ ಇಳಿಯುತ್ತದೆ. ಇದಕ್ಕೆ ಮಹಿಳಾ ಸದಸ್ಯರ ಸಹಾಯ ಬೇಕು. ಯಾವ ಮನೆಯ ಯಾವ ಕೋಣೆಯಲ್ಲಿ ಏನಿದೆಯೆಂಬುದು ನಮಗಿಂತ ತಮಗೆ ಚೆನ್ನಾಗಿ ಗೊತ್ತು. ಚುನಾವಣೆಯ ಕಾಲದಲ್ಲಿ ಠೇವಣಿ ಇಡುವವರು ಖಾಲಿ ಮಾಡಿ, ಎಣ್ಣೆ ಸವರಿ, ರಸೀದಿ ಪಡೆದು ಇಡಲಿ. ಮರಳಿ ತಂದ ದಿನವೂ ಖಾಲಿ ಪರೀಕ್ಷೆ ಮೊದಲಿನಿಂದಲೇ ಆಗಲಿ. ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಡಬಾರದು, ಚರ್ಮ ತೇವ ಹಿಡಿಯುತ್ತದೆ. ಬಂದೂಕಿಗೆ ಒಂದು ಬೀಗ, ತೋಟೆಗೆ ಇನ್ನೊಂದು ಬೀಗ.

ಹೊರಗಿನ ಮೇಜಿನ ಮೇಲೆ ಮೂರೂ ಬಗೆಯ ಬಂದೂಕುಗಳನ್ನು ಇಟ್ಟಿದ್ದೇವೆ. ಚಹಾದ ನಂತರ ಹತ್ತು ಹತ್ತು ಮಂದಿಯಾಗಿ ಬನ್ನಿ. ಬಿಚ್ಚುವುದನ್ನು ನಾನು ತೋರಿಸುತ್ತೇನೆ, ಖಾಲಿ ಪರೀಕ್ಷೆಯನ್ನು ಪ್ರತಿಯೊಬ್ಬರೂ ಸ್ವತಃ ಮಾಡಬೇಕು. ಗಜಕ್ಕೆ ಗೆರೆ ಹಾಕಲು ಬಣ್ಣವೂ ಅಲ್ಲಿಯೇ ಇದೆ.