ಅಪ್ಪನ ಜೇಬಿನಲ್ಲಿದ್ದ ನಾಲ್ಕು ಮಾತ್ರೆ

ಇವತ್ತು ನಮ್ಮ ಮನೆಯದ್ದೇ ಒಂದು ಲೆಕ್ಕ ಹೇಳ್ತೀನಿ. ನಾನು ಬಿಕಾಂ ಓದಿದವನು, ಡಾಕ್ಟರ್ ಅಲ್ಲ. ಅದಕ್ಕೇ ಯಾವ ಮಾತ್ರೆ ತಗೋಬೇಕು ಅಂತ ಹೇಳಲ್ಲ. ಕೇಳದೆ ತಗೊಂಡ್ರೆ ಏನಾಗುತ್ತೆ ಅನ್ನೋದಷ್ಟೇ ಹೇಳ್ತೀನಿ.

ನಮ್ಮದು ಕಾಮಾಕ್ಷಿಪಾಳ್ಯ. ಮಾಗಡಿ ರೋಡಿಂದ ಒಳಗೆ ಬಂದ್ರೆ ಸಣ್ಣ ಸಣ್ಣ ವರ್ಕ್‌ಶಾಪ್‌ಗಳು. ಅಪ್ಪ ಅಂಥದ್ದೊಂದರಲ್ಲಿ ಲೇತ್ ಮುಂದೆ ದಿನಕ್ಕೆ ಹತ್ತು ಗಂಟೆ ನಿಂತೇ ಕೆಲಸ ಮಾಡ್ತಾರೆ. ಸಂಜೆಯಾದ್ರೆ ಬೆನ್ನು ನೋವು. ಮೆಡಿಕಲ್‌ನಲ್ಲಿ "ಬೆನ್ನು ನೋವಿಗೆ ಏನಾದ್ರೂ ಕೊಡಪ್ಪಾ" ಅಂದ್ರೆ ಸಾಕು, ಸ್ಟ್ರಿಪ್ ಕತ್ತರಿಸಿ ನಾಲ್ಕು ಮಾತ್ರೆ ಕೊಡೋರು. ಡಾಕ್ಟರ್ ಹತ್ರ ಹೋದ್ರೆ ಫೀಸು ಬೇರೆ, ಅರ್ಧ ದಿನದ ಕೂಲಿಯೂ ಹೋಗುತ್ತೆ. ಇಲ್ಲಿ ಇಪ್ಪತ್ತು ರೂಪಾಯಿಗೆ ಕೆಲಸ ಮುಗೀತಿತ್ತು. ಲೆಕ್ಕ ಸರಿಯಾಗೇ ಇದೆ ಅಂತ ನಾನೂ ಅಂದ್ಕೊಂಡಿದ್ದೆ. ಎಷ್ಟೋ ಸಲ ತಂದುಕೊಟ್ಟವನೂ ನಾನೇ.

ಎರಡು ವರ್ಷ ಹೀಗೇ ನಡೀತು. ಆಮೇಲೆ ಕಾಲು ಊದಿಕೊಳ್ತು. ರಕ್ತ ಪರೀಕ್ಷೆ ಮಾಡಿಸಿದ್ರೆ ಕ್ರಿಯೇಟಿನಿನ್ 2.8. ಗಂಡಸರಲ್ಲಿ ಅದು ಸಾಮಾನ್ಯವಾಗಿ ಸುಮಾರು 1.3ರ ಒಳಗಿರಬೇಕು. "ಯಾವ ಮಾತ್ರೆ ತಗೋತಿದ್ರಿ?" ಅಂತ ಡಾಕ್ಟರ್ ಕೇಳಿದ್ರು. ಅಪ್ಪನಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಜೇಬಿಂದ ತೆಗೆದ ತುಂಡಿನಲ್ಲಿ ಹೆಸರು ಅರ್ಧ ಮಾತ್ರ ಉಳಿದಿತ್ತು. ಡಾಕ್ಟರ್ ಅದನ್ನ ನೋಡಿ ಹೇಳಿದ್ರು: ಡೈಕ್ಲೋಫೆನಾಕ್.

ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆಗಳು ಕಿಡ್ನಿಗೆ ಹೋಗೋ ರಕ್ತವನ್ನೇ ಕಡಿಮೆ ಮಾಡಬಲ್ಲವು. ಬಿಪಿ ಇರೋರಿಗೆ, ನೀರು ಕುಡೀದೆ ದುಡಿಯೋರಿಗೆ ಅಪಾಯ ಇನ್ನೂ ಜಾಸ್ತಿ. ಹೊಟ್ಟೆಯಲ್ಲಿ ಹುಣ್ಣಾಗಬಹುದು. ಡೆಂಗಿ ಜ್ವರ ಅಂತ ಗೊತ್ತಿಲ್ಲದೆ ನುಂಗಿದ್ರೆ ರಕ್ತಸ್ರಾವ ಹೆಚ್ಚಾಗಬಹುದು. ಡೈಕ್ಲೋಫೆನಾಕ್ 'ಶೆಡ್ಯೂಲ್ ಎಚ್' ಪಟ್ಟಿಯಲ್ಲಿರೋ ಔಷಧಿ. 1945ರ ಔಷಧ ನಿಯಮಗಳ ಪ್ರಕಾರ ಡಾಕ್ಟರ್ ಚೀಟಿ ಇಲ್ಲದೆ ಅದನ್ನ ಮಾರೋ ಹಾಗಿಲ್ಲ. ಸ್ಟ್ರಿಪ್ ಮೇಲಿರೋ ಕೆಂಪು ಗೆರೆ ಅದನ್ನೇ ಹೇಳೋದು. ಆದ್ರೆ ನಾಲ್ಕೇ ಮಾತ್ರೆ ಕತ್ತರಿಸಿ ಕೊಟ್ಟಾಗ ಗೆರೆ, ಹೆಸರು, ಎಕ್ಸ್‌ಪೈರಿ ಡೇಟ್ ಎಲ್ಲ ಅಂಗಡಿಯಲ್ಲೇ ಉಳಿದುಬಿಡಬಹುದು.

ಅಪ್ಪ ಆ ಮಾತ್ರೆ ಬಿಟ್ಟಿದ್ದಾರೆ. ಕ್ರಿಯೇಟಿನಿನ್ ಇಳಿದಿದೆ, ಪೂರ್ತಿ ಇಳಿದಿಲ್ಲ. ಮೂರು ತಿಂಗಳಿಗೊಮ್ಮೆ ಪರೀಕ್ಷೆ, ಪ್ರತಿ ಸಲ ಒಂದು ದಿನದ ಕೂಲಿ ಹೋಗುತ್ತೆ. ಉಳಿತಾಯ ಅಂತ ನಾನು ಬರ್ಕೊಂಡಿದ್ದು ಅಸಲಿಗೆ ಸಾಲ.

ದುಡ್ಡೇ ಅಡ್ಡಿ ಅಂದ್ರೆ, ಸರ್ಕಾರದ 'ನಮ್ಮ ಕ್ಲಿನಿಕ್'ಗಳಲ್ಲಿ ತಪಾಸಣೆ ಉಚಿತ. ಇಎಸ್‌ಐ ಕಾರ್ಡ್ ಇರೋರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಹತ್ತಿರದಲ್ಲೇ ಇದೆ. ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಮನೆಯಲ್ಲಿರೋ ಮಾತ್ರೆ ಡಬ್ಬಿ ತೆಗೆದು, "ಇದನ್ನ ಯಾರು ಬರೆದುಕೊಟ್ಟಿದ್ದು?" ಅಂತ ಅಪ್ಪ ಅಮ್ಮನನ್ನ ಕೇಳಿ. ನಾನು ಕೇಳಿದ್ದು ಎರಡು ವರ್ಷ ತಡವಾಗಿ.