ಹಾಡು ಯಾವುದಿತ್ತು?

ಗಣೇಶನ ಮೆರವಣಿಗೆಯ ಮರುದಿನ ರಾಯಚೂರಿನ ಹುಡುಗರನ್ನು ಕೇಳಿ ನೋಡಿ, ‘ಡಿಜೆ ಹೆಂಗಿತ್ತು?’ ಅಂತ. ‘ಎದಿ ಧಡ್ ಧಡ್ ಅಂತಿತ್ತಣ್ಣ!’ ಅಂತಾರೆ. ಹಾಡು ಯಾವುದಿತ್ತು? ನೆನಪಿಲ್ಲ.

ಕುಣಿಯೋದು ತಪ್ಪಲ್ಲ, ನಾನೂ ಕುಣಿದವನೇ. ಆದರೆ ಎಂಜಿನಿಯರಿಂಗ್ ಓದಿದವನಾಗಿ ಒಂದು ಲೆಕ್ಕ ಹೇಳ್ತೀನಿ. 10 ಡೆಸಿಬಲ್ ಏರಿದರೆ ಶಬ್ದದ ತೀವ್ರತೆ 10 ಪಟ್ಟು, 20 ಏರಿದರೆ 100 ಪಟ್ಟು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಇರುವ ಮಿತಿ ಹಗಲು 55, ರಾತ್ರಿ 45. ಸ್ಪೀಕರ್ ಗೋಡೆಯ ಮುಂದೆ 100 ದಾಟೋದು ಕಷ್ಟವೇನಲ್ಲ. ಮನೆಗೆ ಬಂದ ಮೇಲೂ ಕಿವಿ ಗುಂಯ್ ಅಂತಿದ್ದರೆ ಅದು ಎಚ್ಚರಿಕೆ. ಒಳಕಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟೋದಿಲ್ಲ.

ಇದು ಹಾಡಿನ ನೆಲ. ಮಾನ್ವಿಯ ಜಗನ್ನಾಥದಾಸರು, ಅದೇ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು ಯಾವ ಸ್ಪೀಕರ್ ಕಟ್ಟಿದ್ದರು? 18ನೇ ಶತಮಾನದ ಅವರ ಪದಗಳು ಇವತ್ತಿಗೂ ಜನರ ಬಾಯಲ್ಲಿವೆ. ರಾಯಚೂರಿನ ರಂಗಮಂದಿರಕ್ಕೂ ಗಾಯಕ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರದೇ ಹೆಸರು.

ತಮ್ಮಂದಿರೇ, ಮುಂದಿನ ಸಲ ಡಿಜೆಯವನಿಗೆ ‘ಸೌಂಡ್ ಏರಿಸು’ ಅನ್ನಬೇಡಿ, ‘ಹಾಡು ಕೇಳಿಸು’ ಅನ್ನಿ. ರಾತ್ರಿ 10ಕ್ಕೆ ನೀವೇ ಬಂದ್ ಮಾಡಿಸಿ. ಮರುದಿನ ಗೆಳೆಯರಿಗೆ ಹೇಳೋಕೆ ಒಂದು ಹಾಡಾದರೂ ಉಳೀಲಿ, ಅದನ್ನು ಕೇಳೋಕೆ ಕಿವಿಯೂ ಉಳೀಲಿ.